ದೊಡ್ಡಪ್ಪ, ಹಣೆಬರಹ ಅನ್ನಬೇಡಿ

ದೊಡ್ಡಪ್ಪ, ನಿಮ್ಮ ಮೆಸೇಜ್ ಈಗ ನೋಡಿದೆ. ನಮ್ಮ ಹಳೇ ಮನೆ ಪಕ್ಕದ ಸುಬ್ಬಣ್ಣನ ಮಗ ಬೈಕಿನಿಂದ ಬಿದ್ದು ಐಸಿಯುನಲ್ಲಿದ್ದಾನೆ, "ಎಲ್ಲ ಹಣೆಬರಹ, ಯಾರೇನು ಮಾಡೋಕಾಗುತ್ತೆ" ಅಂತ ಬರೆದಿದ್ದೀರಿ. ಹೊಟ್ಟೆ ಉರಿದು ಬರೆದಿದ್ದೀರಿ ಅಂತ ಗೊತ್ತು. ಆದರೂ ನನಗೆ ಸುಮ್ನೆ ಇರೋಕಾಗಲಿಲ್ಲ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳಿ.

ಹಣೆಬರಹ ಆಗಿದ್ದರೆ ಎಲ್ಲ ದೇಶದಲ್ಲೂ ಒಂದೇ ಥರ ಇರಬೇಕಿತ್ತು ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ. ಅದರಲ್ಲಿ ನೂರಕ್ಕೆ 92 ಸಾವು ಬಡ ದೇಶಗಳಲ್ಲಿ ಮತ್ತು ನಮ್ಮಂಥ ಮಧ್ಯಮ ಆದಾಯದ ದೇಶಗಳಲ್ಲಿ. ಪ್ರಪಂಚದ ಗಾಡಿಗಳಲ್ಲಿ ಈ ಎಲ್ಲ ದೇಶಗಳಲ್ಲಿರುವುದು ನೂರಕ್ಕೆ ಸುಮಾರು 60 ಮಾತ್ರ. ನಮ್ಮ ದೇಶದಲ್ಲೇ 2022ರಲ್ಲಿ 1,68,491 ಜನ ಹೋದರು. ಅವರಲ್ಲಿ ಐವತ್ತು ಸಾವಿರ ಜನ ಹೆಲ್ಮೆಟ್ ಹಾಕದೆ ಗಾಡಿ ಮೇಲಿದ್ದವರು. ಸುಬ್ಬಣ್ಣನ ಮಗನ ಹತ್ತಿರವೂ ಹೆಲ್ಮೆಟ್ ಇತ್ತಂತೆ, ಕನ್ನಡಿಗೆ ನೇತುಹಾಕಿದ್ದನಂತೆ.

ಸತ್ತವರ ಲೆಕ್ಕವಾದರೂ ಪೇಪರಿನಲ್ಲಿ ಬರುತ್ತದೆ. ಉಳಿದವರು ನನ್ನಂಥ ಫಿಸಿಯೋಥೆರಪಿಯವರ ಹತ್ತಿರ ಬರುತ್ತಾರೆ. ಈಗ ಒಬ್ಬ ಹುಡುಗ ಬರುತ್ತಿದ್ದಾನೆ, ಟೈಲ್ಸ್ ಹಾಕುವ ಕೆಲಸದವನು. ತೊಡೆ ಮೂಳೆಗೆ ರಾಡ್ ಹಾಕಿದ್ದಾರೆ. ಎಂಟು ತಿಂಗಳಾಯಿತು, ಮಂಡಿ ಇನ್ನೂ ಅರ್ಧಕ್ಕೇ ನಿಲ್ಲುತ್ತದೆ. ನಡೆಯುತ್ತಾನೆ, ನೋಡಿದವರು ಹುಷಾರಾದ ಅನ್ನುತ್ತಾರೆ. ಆದರೆ ಟೈಲ್ಸ್ ಹಾಕೋಕೆ ಕುಕ್ಕರುಗಾಲಲ್ಲಿ ಕೂರಬೇಕಲ್ಲ? ಅದೇ ಆಗುತ್ತಿಲ್ಲ. ಅವರಮ್ಮ ಎರಡು ಹಸು ಮಾರಿದರು. ತಂಗಿ ಕಾಲೇಜು ಬಿಟ್ಟು ಗಾರ್ಮೆಂಟ್ಸಿಗೆ ಹೋಗುತ್ತಿದ್ದಾಳೆ. ನಾನು ಅವನ ಮಂಡಿ ಮಡಚುವಾಗ ಅವನು ಹಲ್ಲು ಕಚ್ಚಿಕೊಂಡು "ಇನ್ನೂ ಸ್ವಲ್ಪ ಒತ್ತಿ ಮೇಡಂ" ಅನ್ನುತ್ತಾನೆ. ಆ ಮನೆಗೆ ಬಿದ್ದ ಪೆಟ್ಟು ಯಾವ ಲೆಕ್ಕದಲ್ಲೂ ಇಲ್ಲ, ದೊಡ್ಡಪ್ಪ.

ಸುಬ್ಬಣ್ಣನ ಮಗ ಇಪ್ಪತ್ತು ನಿಮಿಷ ರಸ್ತೆಯಲ್ಲೇ ಬಿದ್ದಿದ್ದನಂತೆ. ಸುತ್ತ ಜನ ಇದ್ದರು, ಪೊಲೀಸ್ ಸ್ಟೇಷನ್ನಿಗೆ ಅಲೆಯಬೇಕಾಗುತ್ತೆ ಅಂತ ಹೆದರಿದರು. ಹಾಗೇನೂ ಇಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ ಸೇರಿಸಿದ್ದಾರೆ. ಗಾಯಾಳುವಿಗೆ ಸಹಾಯ ಮಾಡಿದವರ ಮೇಲೆ ಕೇಸ್ ಹಾಕುವಂತಿಲ್ಲ, ಹೆಸರು ಹೇಳು ಅಂತ ಬಲವಂತ ಮಾಡುವಂತಿಲ್ಲ. 108ಕ್ಕೆ ಫೋನ್ ಮಾಡಿ. ಕತ್ತು ಅಲ್ಲಾಡಿಸಬೇಡಿ. ಬಾಯಿಗೆ ನೀರು ಮಾತ್ರ ಹಾಕಲೇಬೇಡಿ, ಪ್ರಜ್ಞೆ ಇಲ್ಲದವರಿಗೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ.

ಈಗ ಅರ್ಜೆಂಟಾಗಿ ಆಗಬೇಕಾದ್ದು ಇನ್ನೊಂದು. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಒಂದು ಯೋಜನೆ ತಂದಿದೆ. ರಸ್ತೆ ಅಪಘಾತದಲ್ಲಿ ಗಾಯ ಆದವರಿಗೆ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಒಂದೂವರೆ ಲಕ್ಷದವರೆಗೆ ನಗದು ಕಟ್ಟದೆ ಚಿಕಿತ್ಸೆ. ಆದರೆ ಅಪಘಾತ ಆದ ದಿನದಿಂದ ಏಳು ದಿನಕ್ಕೆ ಮಾತ್ರ. ಇವತ್ತಿಗೆ ಮೂರು ದಿನ ಆಯಿತು. ಸುಬ್ಬಣ್ಣ ಆಗಲೇ ಬಡ್ಡಿಗೆ ದುಡ್ಡು ಕೇಳುತ್ತಿದ್ದಾರಂತೆ. ಪೊಲೀಸರಿಗೆ ತಿಳಿಸಿದ್ದಾರಾ, ಆಸ್ಪತ್ರೆಯಲ್ಲಿ ಈ ಯೋಜನೆ ಬಗ್ಗೆ ವಿಚಾರಿಸಿದ್ದಾರಾ, ಯಾರಾದರೂ ಈಗಲೇ ಕೇಳಿ. ದೊಡ್ಡಪ್ಪ, ಅವರ ನಂಬರ್ ನನಗೆ ಕಳಿಸಿ. ಸಂಜೆ ಡ್ಯೂಟಿ ಮುಗಿದ ಮೇಲೆ ನಾನೇ ಆಸ್ಪತ್ರೆಗೆ ಹೋಗಿ ಬರುತ್ತೇನೆ.