ಆಸ್ಟ್ರೇಲಿಯಾದಲ್ಲಿರುವ ಅತ್ತೆ-ಮಾವನಿಗೆ ಸ್ಯಾಪ್ಟೋ ಸಿಗುತ್ತಾ? ಅನುಭವ ಇದ್ದವರು ಹೇಳಿ

ಕೇಳಿದವರು, ಮೆಲ್ಬರ್ನ್: ಅತ್ತೆ-ಮಾವ 2012ರಿಂದ ಪಿಆರ್ (ಕಾಯಂ ವಾಸದ ವೀಸಾ) ಮೇಲೆ ನಮ್ಮ ಜೊತೆಗೇ ಇದ್ದಾರೆ. ಮಾವನಿಗೆ 71, ಅತ್ತೆಗೆ 68. ಸರ್ಕಾರದ ವೃದ್ಧಾಪ್ಯ ಪಿಂಚಣಿ, ಅಂದರೆ ಏಜ್ ಪೆನ್ಷನ್‌ಗೆ ಇನ್ನೂ ಅರ್ಜಿ ಹಾಕಿಲ್ಲ. ಮಾವ ಈಗಲೂ ಕೆಲಸಕ್ಕೆ ಹೋಗುತ್ತಾರೆ, ಜಯನಗರದ ಮನೆ ಬಾಡಿಗೆಯೂ ಬರುತ್ತದೆ. ಎಲ್ಲ ಸೇರಿ 2024-25ರಲ್ಲಿ ಅವರ ಆದಾಯ 52,000 ಡಾಲರ್. ಅತ್ತೆಗೆ ಎಫ್‌ಡಿ ಬಡ್ಡಿ 5,000 ಡಾಲರ್ ಅಷ್ಟೇ. ಹಿರಿಯರಿಗೆ, ಪಿಂಚಣಿದಾರರಿಗೆ ಸಿಗುವ ತೆರಿಗೆ ರಿಯಾಯಿತಿ, ಅದೇ ಸ್ಯಾಪ್ಟೋ, ಇವರಿಗೆ ಬರಲ್ಲ, ಮಾವನ ಆದಾಯ ಮಿತಿ ದಾಟಿದೆ ಅಂತ ಪರಿಚಯದವರು ಹೇಳಿದರು. ನಿಜಾನಾ?

ಸಿಡ್ನಿಯಿಂದ: ಅವರ ಮಾತು ಅರ್ಧ ನಿಜ. ದಂಪತಿಗೆ ಅರ್ಹತೆ ನೋಡುವುದು ಇಬ್ಬರ ಆದಾಯ ಕೂಡಿಸಿ. 2024-25ಕ್ಕೆ ಆ ಮೊತ್ತ 87,620 ಡಾಲರ್‌ಗಿಂತ ಕಡಿಮೆ ಇರಬೇಕು. ನಿಮ್ಮ ಮನೆಯಲ್ಲಿ 57,000. ಹಾಗಾಗಿ ಇಬ್ಬರೂ ಅರ್ಹರೇ. ಆದರೆ ಎಷ್ಟು ಸಿಗುತ್ತದೆ ಅನ್ನುವ ಲೆಕ್ಕ ಒಬ್ಬೊಬ್ಬರದ್ದು ಬೇರೆ ಬೇರೆ. ಒಬ್ಬರಿಗೆ ಹೆಚ್ಚೆಂದರೆ 1,602 ಡಾಲರ್. ಸ್ವಂತ ಆದಾಯ 30,994 ದಾಟಿದರೆ ಮೇಲಿನ ಪ್ರತಿ ಡಾಲರ್‌ಗೆ 12.5 ಸೆಂಟ್ ಕಡಿಮೆಯಾಗುತ್ತಾ ಹೋಗಿ 43,810ಕ್ಕೆ ಪೂರ್ತಿ ನಿಲ್ಲುತ್ತದೆ. ನಿಮಗೆ ಹೇಳಿದವರು ಈ 43,810 ಮಾತ್ರ ನೋಡಿದ್ದಾರೆ.

ಅಸಲು ವಿಷಯ ಮುಂದಿದೆ. ಅತ್ತೆಗೆ ಕಟ್ಟಬೇಕಾದ ತೆರಿಗೆಯೇ ಇಲ್ಲ, ಅವರ ಪಾಲಿನ ರಿಯಾಯಿತಿ ಸುಮ್ನೆ ಉಳಿಯುತ್ತದೆ. ಇಬ್ಬರೂ ಅರ್ಹರಾಗಿದ್ದರೆ ಹಾಗೆ ಉಳಿದದ್ದು ಗಂಡನಿಗೋ ಹೆಂಡತಿಗೋ ವರ್ಗವಾಗುತ್ತದೆ. ಅದಕ್ಕೆ ಬೇರೆ ಅರ್ಜಿ ಇಲ್ಲ, ತೆರಿಗೆ ಇಲಾಖೆ, ಅಂದರೆ ಎಟಿಒನವರೇ ಲೆಕ್ಕ ಹಾಕುತ್ತಾರೆ. ಮಾವನ ರಿಟರ್ನ್‌ನಲ್ಲಿ ಸಂಗಾತಿಯ ವಿವರ ಪೂರ್ತಿ ತುಂಬಿರಬೇಕು, ಅಷ್ಟೇ. "ಅವಳಿಗೆ ಆದಾಯವೇ ಇಲ್ವಲ್ಲ" ಅಂತ ಆ ಭಾಗ ಖಾಲಿ ಬಿಡುವವರು ನಮ್ಮವರಲ್ಲಿ ಜಾಸ್ತಿ. ದಯವಿಟ್ಟು ಹಾಗೆ ಬಿಡಬೇಡಿ. ರಿಟರ್ನ್ ಫಾರಂನಲ್ಲಿ ಸ್ಯಾಪ್ಟೋ ಅರ್ಹತೆಯ ಅಕ್ಷರ ಕೇಳುವ ಕಡೆ ಇಬ್ಬರೂ ಅರ್ಹರು, ಜೊತೆಗಿದ್ದಾರೆ ಅಂದರೆ ಡಿ. ಸಂಗಾತಿ ಅರ್ಹರಲ್ಲದಿದ್ದರೆ ಇ.

ಪರ್ತ್‌ನಿಂದ: ವಯಸ್ಸೊಂದೇ ನೋಡಿ ಖುಷಿಪಡುವವರಿಗೆ ಒಂದು ಮಾತು. 67 ತುಂಬಿದರೆ ಸಾಲದು. ಪೆನ್ಷನ್ ಪಡೆಯುತ್ತಿರಬೇಕು. ಇಲ್ಲವೇ ಅರ್ಜಿ ಹಾಕದೆಯೋ, ಆದಾಯ ಅಥವಾ ಆಸ್ತಿಯ ಕಾರಣದಿಂದಲೋ ಅದು ಸಿಗದೇ ಹೋಗಿರಬೇಕು. ಪೆನ್ಷನ್ ಇಲ್ಲದವರು ಸಾಮಾನ್ಯವಾಗಿ ಇಲ್ಲಿ 10 ವರ್ಷದ ವಾಸ ತೋರಿಸಬೇಕು. ನಿಮ್ಮ ಅತ್ತೆ-ಮಾವನಿಗೆ ಅದು ಆಗಿದೆ. ನಮ್ಮ ಅಪ್ಪ-ಅಮ್ಮ 143 ವೀಸಾದಲ್ಲಿ (ಪೋಷಕರ ಕಾಯಂ ವೀಸಾ) ಬಂದು ನಾಲ್ಕು ವರ್ಷ, ಇನ್ನೂ ಕಾಯಬೇಕು. 870 ಅನ್ನುವ ಪೋಷಕರ ತಾತ್ಕಾಲಿಕ ವೀಸಾದಲ್ಲಿರುವವರ ವಾಸ ಈ ಲೆಕ್ಕಕ್ಕೇ ಬರುವುದಿಲ್ಲ. ಭಾರತದ ಜೊತೆ 2016ರಿಂದ ಸಾಮಾಜಿಕ ಭದ್ರತೆಯ ಒಪ್ಪಂದ ಜಾರಿಯಲ್ಲಿದೆ. ಊರಲ್ಲಿ ವರ್ಷಗಟ್ಟಲೆ ಪಿಎಫ್ ಕಟ್ಟಿದವರು ವಾಸದ ಈ ಲೆಕ್ಕದಲ್ಲಿ ತಮಗೆ ಅದು ಅನ್ವಯಿಸುತ್ತದಾ ಅಂತ, ಪಿಂಚಣಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ವಿಸಸ್ ಆಸ್ಟ್ರೇಲಿಯಾದಲ್ಲಿ ಒಮ್ಮೆ ಕೇಳಿ.

ಬ್ರಿಸ್ಬೇನ್‌ನಿಂದ: ನಮ್ಮ ಮನೆಯದು ಬೇರೆ ಥರ. ಪಾರ್ಶ್ವವಾಯು ಆದ ಮೇಲೆ ಅಪ್ಪ ಏಜ್ಡ್ ಕೇರ್‌ನಲ್ಲಿದ್ದಾರೆ, ಅಮ್ಮ ಒಬ್ಬರೇ ಮನೆಯಲ್ಲಿ. ಕಾಯಿಲೆಯಿಂದಾಗಿ ಹೀಗೆ ಬೇರೆ ಇರಬೇಕಾಗಿ ಬಂದ ದಂಪತಿಗೆ ಲೆಕ್ಕವೇ ಬೇರೆ. 2024-25ಕ್ಕೆ ಒಬ್ಬರಿಗೆ ಹೆಚ್ಚೆಂದರೆ 2,040 ಡಾಲರ್, ಕಡಿತ ಶುರುವಾಗುವುದು 33,732ರ ಮೇಲೆ. ಇಬ್ಬರ ಒಟ್ಟು ಮಿತಿ 1,00,104. ನಮ್ಮ ಟ್ಯಾಕ್ಸ್ ಏಜೆಂಟ್ ಹಿಂದಿನ ವರ್ಷದ ಡಿ ಅಕ್ಷರವನ್ನೇ ಉಳಿಸಿಬಿಟ್ಟಿದ್ದರು. ಅಮ್ಮನ ಆದಾಯ 35,000. ಡಿ ಪ್ರಕಾರ ಸಿಕ್ಕಿದ್ದು ಸುಮಾರು 1,101 ಡಾಲರ್, ಸರಿಯಾದ ಬಿ ಅಕ್ಷರಕ್ಕೆ ಸುಮಾರು 1,881. ಹತ್ತಿರ ಹತ್ತಿರ 780 ಡಾಲರ್ ವ್ಯತ್ಯಾಸ! ತಿದ್ದುಪಡಿ ಹಾಕಿಸಿದೆವು. ಅಸೆಸ್‌ಮೆಂಟ್ ನೋಟಿಸ್ ಬಂದ ಮೇಲೆ ಸಾಮಾನ್ಯವಾಗಿ ಎರಡು ವರ್ಷದವರೆಗೆ ತಿದ್ದಿಸಬಹುದು. ಮನೆಯಲ್ಲಿ ಯಾರಾದರೂ ಆರೈಕೆ ಕೇಂದ್ರ ಸೇರಿದ್ದರೆ ಹಳೆಯ ರಿಟರ್ನ್ ತೆಗೆದು ಅದೊಂದು ಅಕ್ಷರ ನೋಡಿ. ಆ ಗಲಾಟೆಯ ದಿನಗಳಲ್ಲಿ ಇದೆಲ್ಲ ಯಾರ ಗಮನಕ್ಕೂ ಬಂದಿರುವುದಿಲ್ಲ. ಹೆಂಡತಿ ಮೊಮ್ಮಗುವಿನ ಬಾಣಂತನಕ್ಕೆ ಮೈಸೂರಿಗೆ ಹೋಗಿ ಆರು ತಿಂಗಳು ಉಳಿದರೆ ಅದು ಇದರಲ್ಲಿ ಸೇರಲ್ಲ. ಬೇರೆ ಇರುವುದಕ್ಕೆ ಕಾಯಿಲೆಯೇ ಕಾರಣ ಆಗಿರಬೇಕು.

ಕೇಳಿದವರು: ತುಂಬಾ ಥ್ಯಾಂಕ್ಸ್. ಅಂದರೆ ದುಡ್ಡು ಬ್ಯಾಂಕಿಗೆ ಬರುತ್ತಾ?

ಸಿಡ್ನಿಯಿಂದ: ಇದು ತೆರಿಗೆಯನ್ನು ಸೊನ್ನೆಯವರೆಗೆ ಇಳಿಸುತ್ತದೆ, ಅದಕ್ಕಿಂತ ಮುಂದೆ ಕೈಗೆ ಏನೂ ಕೊಡುವುದಿಲ್ಲ. ಮಾವನ ಸಂಬಳದಲ್ಲಿ ಮೊದಲೇ ಹಿಡಿದ ತೆರಿಗೆ ಜಾಸ್ತಿಯಾಗಿದ್ದರೆ ಅದು ವಾಪಸ್ ಬರುತ್ತದೆ. ಸರ್ಕಾರಿ ಆರೋಗ್ಯ ವ್ಯವಸ್ಥೆಗೆ ಕಟ್ಟುವ ಮೆಡಿಕೇರ್ ಲೆವಿಗೆ ಇದು ತಗಲುವುದಿಲ್ಲ. ಆದರೆ ಸ್ಯಾಪ್ಟೋ ಅರ್ಹರಿಗೆ ಲೆವಿಯ ಮಿತಿಯೂ ಮೇಲಿದೆ, 2024-25ರಲ್ಲಿ ಕುಟುಂಬಕ್ಕೆ 59,886 ಡಾಲರ್. ನಿಮ್ಮವರದ್ದು 57,000. 52,000ಕ್ಕೆ ಶೇಕಡಾ 2 ಅಂದರೆ 1,040 ಡಾಲರ್ ಅಲ್ಲೂ ಉಳಿಯುತ್ತದೆ ಅಲ್ವಾ!

ಅಡಿಲೇಡ್‌ನಿಂದ: ಆ 52,000 ಮತ್ತು 5,000 ಸರಿಯಾಗಿದೆಯಾ ಅಂತ ಮೊದಲು ನೋಡಿ. ಇಲ್ಲಿಯ ತೆರಿಗೆ ನಿವಾಸಿಯಾದ ಪಿಆರ್‌ಗಳು ಊರಿನ ಬಾಡಿಗೆ, ಬಡ್ಡಿ, ಪಿಂಚಣಿ ಎಲ್ಲ ತೋರಿಸಬೇಕು. ಬೆಂಗಳೂರಿನ ಬ್ಯಾಂಕ್ ಕೊಡುವ ಬಡ್ಡಿಯ ಸರ್ಟಿಫಿಕೇಟ್ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದ್ದು. ಇಲ್ಲಿಯ ವರ್ಷ ಜುಲೈ 1ರಿಂದ ಜೂನ್ 30. ನಾನು ಅಪ್ಪನ ಪಾಸ್‌ಬುಕ್ ಇಟ್ಟುಕೊಂಡು ಬಡ್ಡಿ ಜಮೆಯಾದ ಸಾಲುಗಳಿಗೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಜುಲೈನಿಂದ ಬೇರೆಯಾಗಿ ಕೂಡಿಸುತ್ತೇನೆ. ಆಮೇಲೆ ಡಾಲರ್‌ಗೆ ತಿರುಗಿಸುತ್ತೇನೆ. ಅಲ್ಲಿ ಟಿಡಿಎಸ್ ಹಿಡಿದಿದ್ದರೆ ಅದರ ಕಾಗದವೂ ಬೇಕು, ವಿದೇಶದಲ್ಲಿ ಕಟ್ಟಿದ ತೆರಿಗೆಗೆ ಬೇರೆ ರಿಯಾಯಿತಿ ಇದೆ. 60 ದಾಟಿದವರು ನಿವೃತ್ತಿಯ ಉಳಿತಾಯವಾದ ಸಾಮಾನ್ಯ ಸೂಪರ್ ಫಂಡ್‌ನಿಂದ ತೆಗೆಯುವ ತೆರಿಗೆರಹಿತ ಹಣ ಮಾತ್ರ ಈ ಲೆಕ್ಕಕ್ಕೆ ಬರಲ್ಲ.

ಆದಾಯ ಸುಮಾರು 70,000ದ ಒಳಗಿದ್ದು ಲೆಕ್ಕ ಸರಳವಾಗಿದ್ದರೆ ಎಟಿಒನ ಟ್ಯಾಕ್ಸ್ ಹೆಲ್ಪ್ ಸ್ವಯಂಸೇವಕರು ಜುಲೈನಿಂದ ಅಕ್ಟೋಬರ್‌ವರೆಗೆ ಉಚಿತವಾಗಿ ರಿಟರ್ನ್ ತುಂಬಲು ನೆರವಾಗುತ್ತಾರೆ. ಬಾಡಿಗೆ, ವಿದೇಶಿ ಆದಾಯ ಇರುವ ನಿಮ್ಮ ಮಾವನಂಥವರಿಗೆ ನೋಂದಾಯಿತ ಟ್ಯಾಕ್ಸ್ ಏಜೆಂಟ್ ಹತ್ತಿರ ಹೋಗುವುದೇ ಒಳ್ಳೆಯದು. ಸ್ವಂತವಾಗಿ ಹಾಕುವವರಿಗೆ ಅಕ್ಟೋಬರ್ 31 ಕೊನೆಯ ದಿನ. ಏಜೆಂಟ್ ಮೂಲಕ ಅಂದರೆ ಅಷ್ಟರೊಳಗೆ ಅವರಲ್ಲಿ ಹೆಸರು ಬರೆಸಿರಬೇಕು. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರ ಆದಾಯದ ವಿವರ ಅಲ್ಲೇ ಕೇಳುತ್ತಾರೆ.