ಮಕ್ಕಳ ಜೊತೆ ಕ್ವಾಂಜಾ ಮಣಿಸರ ಮಾಡಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಟ್ಲಾಂಟಾದಲ್ಲಿ. ಪಕ್ಕದ ಮನೆಯ ಆಫ್ರಿಕನ್ ಅಮೆರಿಕನ್ ಕುಟುಂಬದವರು ಡಿಸೆಂಬರ್ 26ರಿಂದ ಜನವರಿ 1ರವರೆಗೆ ತಮ್ಮ ಆಫ್ರಿಕನ್ ಮೂಲದ ಸಂಸ್ಕೃತಿಯನ್ನು ನೆನೆಯುವ ಕ್ವಾಂಜಾ ಹಬ್ಬ ಆಚರಿಸುತ್ತಾರೆ, ಅವರ ಮಕ್ಕಳೂ ನಮ್ಮ ಮಕ್ಕಳೂ ಸೇರಿ ಉಡುಗೊರೆಗೆ ಸರ ಮಾಡಬೇಕು ಅಂತ ಕೂತಿದ್ದಾರೆ. ಈ ಹಬ್ಬದ ಉಡುಗೊರೆಗೆ ಜವಾದಿ ಅಂತಾರೆ, ಕೈಯಲ್ಲೇ ಮಾಡಿದ್ದಕ್ಕೆ ಬೆಲೆ ಜಾಸ್ತಿ. ಅದು ನನಗೆ ತುಂಬಾ ಹಿಡಿಸಿತು.

ಬಣ್ಣ ಮೂರೇ: ಕಪ್ಪು, ಕೆಂಪು, ಹಸಿರು. 2 ಕಪ್ ಮೈದಾ, 1 ಕಪ್ ಉಪ್ಪು, ನೀರು ಹಾಕಿ ಕಲಸಿ ಮಣಿ ಮಾಡುತ್ತಿದ್ದೇವೆ. ಟೂತ್‌ಪಿಕ್‌ನಲ್ಲಿ ಮಾಡಿದ ತೂತು ಒಣಗುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ, ದಾರ ಹೋಗುವುದೇ ಇಲ್ಲ. ಏನು ಮಾಡಲಿ? ಓವನ್‌ನಲ್ಲಿ ಎಷ್ಟು ಬಿಸಿಗೆ ಇಡಬೇಕು? ಬಣ್ಣ ಕೈಗೆ ಹತ್ತದ ಹಾಗೆ ಮೇಲೆ ಏನು ಹಚ್ಚುತ್ತೀರಿ? ಚಿಕ್ಕವನು ಎಲ್ಲವನ್ನೂ ಬಾಯಿಗೆ ಹಾಕುತ್ತಾನೆ, ಹಾಗಾಗಿ ವಾರ್ನಿಷ್ ಬೇಡ. ಮಾಡಿ ನೋಡಿದವರು ದಯವಿಟ್ಟು ಹೇಳಿ.