ಡಯಾಪರ್ ರ‍್ಯಾಶ್ ಎಂಟು ದಿನದಿಂದ ಬಗ್ಗುತ್ತಿಲ್ಲ, ನೀವೇನು ಮಾಡಿದಿರಿ?

ಹೊಸ ಅಮ್ಮ, ದಾವಣಗೆರೆ: ಮಗಳಿಗೆ ಏಳು ತಿಂಗಳು. ಕಿವಿ ಸೋರುತ್ತಿತ್ತು ಅಂತ ಆ್ಯಂಟಿಬಯಾಟಿಕ್ ಕೊಟ್ಟೆವು, ಭೇದಿ ಶುರುವಾಯಿತು. ಈಗ ತೊಡೆಸಂದಿ ಕೆಂಪು ಕೆಂಪು. ಜಿಂಕ್ ಕ್ರೀಮ್ ಹಚ್ಚುತ್ತಲೇ ಇದ್ದೇನೆ. ನಿಮ್ಮ ಅನುಭವ ಹೇಳಿ.

ತೀರ್ಥಹಳ್ಳಿ ಸೊಸೆ: ಡಯಾಪರ್ ಎಸೆದು ಲಂಗೋಟಿಗೆ ಬನ್ನಿ. ನಾನು ಮಾವನ ಹಳೇ ಪಂಚೆ ಹರಿದು 36 ಲಂಗೋಟಿ ಹೊಲಿದೆ. ಜುಲೈ ಮಳೆಯಲ್ಲಿ ಮೂರು ದಿನವಾದರೂ ಒಣಗಲಿಲ್ಲ. ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿದೆ. ಎಲ್ಲಕ್ಕೂ ಹೊಗೆ ವಾಸನೆ, ಎರಡು ಸುಟ್ಟೇ ಹೋದವು. ಆದರೂ ಮಗನಿಗೆ ಒಂದು ದದ್ದು ಏಳಲಿಲ್ಲ.

ಇಬ್ಬರ ಅಪ್ಪ, ಬೆಂಗಳೂರು: ಒಗೆದವರು ಯಾರು ಅಂತ ಹೇಳಲಿಲ್ಲ! ನಾವೂ 2,700 ರೂಪಾಯಿ ಕೊಟ್ಟು ಆರು ಬಟ್ಟೆ ಡಯಾಪರ್ ತಂದೆವು. ಸೋಪು ಸರಿಯಾಗಿ ಹೋಗದೆ ಅದರಿಂದಲೇ ರ‍್ಯಾಶ್ ಎದ್ದಿತು. ಆರೂ ಅಟ್ಟ ಸೇರಿದವು. ಈಗ ಬಿಸಾಡುವ ಡಯಾಪರೇ. ರಾತ್ರಿ ಅಲಾರಂ ಇಟ್ಟು ಮೂರು ಗಂಟೆಗೊಮ್ಮೆ ಬದಲಿಸುತ್ತೇನೆ, ನಾನೇ. ವೈಪ್ಸ್ ಬಿಟ್ಟು ಬೆಚ್ಚಗಿನ ನೀರು. ಉಜ್ಜಬಾರದು, ಒತ್ತಿ ಒರೆಸಬೇಕು. ಆಮೇಲೆ ಹತ್ತು ನಿಮಿಷ ಗಾಳಿಗೆ ಬಿಡುತ್ತೇನೆ. ಆ ಹತ್ತು ನಿಮಿಷಕ್ಕೆ ಎರಡು ಬೆಡ್‌ಶೀಟ್ ಖರ್ಚು.

ಮೈಸೂರಿನ ಅಜ್ಜಿ: ಕೊಬ್ಬರಿ ಎಣ್ಣೆ, ಮೇಲೆ ಪೌಡರ್. ಮೂರು ಮಕ್ಕಳನ್ನು ಹೀಗೇ ಬೆಳೆಸಿದೆ.

ಇಬ್ಬರ ಅಪ್ಪ: ಪೌಡರ್ ಬೇಡಮ್ಮ, ಮಗುವಿನ ಉಸಿರಿನ ಜೊತೆ ಒಳಗೆ ಹೋಗುತ್ತೆ.

ಮೈಸೂರಿನ ಅಜ್ಜಿ: ನಿಮ್ಮಮ್ಮ ನಿಮಗೆ ಅದನ್ನೇ ಬಳಿದಿರುತ್ತಾರೆ, ಕೇಳಿ ನೋಡಿ.

ಪಾಠ ಕಲಿತವಳು, ಹುಬ್ಬಳ್ಳಿ: ಜಗಳ ಆಮೇಲೆ ಆಡಿ. ನಾನು ಮೆಡಿಕಲ್ ಶಾಪಿನವನು ಕೊಟ್ಟ 95 ರೂಪಾಯಿಯ ಟ್ಯೂಬ್ ಹಚ್ಚಿದೆ. ಎರಡೇ ದಿನಕ್ಕೆ ಮಾಯ. ನಿಲ್ಲಿಸಿದರೆ ದುಪ್ಪಟ್ಟು. ಹೀಗೇ ಐದು ವಾರ! ಚರ್ಮ ಈರುಳ್ಳಿ ಪೊರೆಯಂತಾಯಿತು. ಡಾಕ್ಟರ್ ಟ್ಯೂಬ್ ತಿರುಗಿಸಿ ಓದಿದರು: ಕ್ಲೊಬೆಟಸಾಲ್. ಜೋರಾದ ಸ್ಟೆರಾಯ್ಡ್. ಆ ಅಂಗಡಿ ಮುಂದೆ ಹೋಗುವಾಗ ಈಗಲೂ ಮೈ ಉರಿಯುತ್ತೆ. ನಮ್ಮದು ಫಂಗಸ್ ಆಗಿತ್ತು. ಚರ್ಮದ ಮಡಿಕೆಯೊಳಗೇ ಕೆಂಪು, ಅಂಚಿನಾಚೆ ಸಾಸಿವೆಯಂಥ ಚುಕ್ಕೆಗಳು. ಆ್ಯಂಟಿಬಯಾಟಿಕ್ ಆದಮೇಲೆ ಇದು ಜಾಸ್ತಿಯಂತೆ, ಬರೀ ಜಿಂಕ್‌ಗೆ ಹೋಗಲ್ಲ. ಕ್ಲೋಟ್ರಿಮಜೋಲ್ ಬರೆದುಕೊಟ್ಟರು, ವಾಸಿಯಾಯಿತು. ನಮ್ಮ ಚೀಟಿ ನೋಡಿ ನೀವೇ ತರಬೇಡಿ, ತೋರಿಸಿ.

ತೀರ್ಥಹಳ್ಳಿ ಸೊಸೆ: ಬೆಂಗಳೂರಿನವರೇ, 36 ಲಂಗೋಟಿನೂ ಒಗೆದದ್ದು ನಾನೇ. ಬಾವಿ ನೀರು ಸೇದಿ. ನಿಮ್ಮ ಮಷೀನಿಗೆ ಆರು ಭಾರವಾದವಾ?

ಇಬ್ಬರ ಅಪ್ಪ: ಟ್ಯಾಂಕರ್ ನೀರಿಗೆ ದುಡ್ಡು ಕೊಟ್ಟು ನೋಡಿ, ಆಮೇಲೆ ಮಾತಾಡೋಣ.

ಹೊಸ ಅಮ್ಮ: ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಚುಕ್ಕೆಗಳಿವೆ.

ಮೈಸೂರಿನ ಅಜ್ಜಿ: ಟಾರ್ಚ್ ಕೂಸಿನ ಕಣ್ಣಿಗೆ ಬಿಡಬೇಡಮ್ಮ.